ಮಸ್ಕತ್‌ನ ಮೋರಿ

ಪೀಣ್ಯ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಂದೆ ಇಬ್ಬರು. ಒಬ್ಬ ಫ್ಯಾಕ್ಟರಿ ಯೂನಿಫಾರ್ಮಿನಲ್ಲಿ, ಇನ್ನೊಬ್ಬ ಟ್ರ್ಯಾಕ್‌ಸೂಟಿನಲ್ಲಿ.

“ಮಸ್ಕತ್ ಹುಡುಗ್ರಿಗೆ ಫುಟ್‌ಬಾಲ್ ಹೆಂಗ್ ಹೇಳ್ಕೊಡ್ತೀಯೋ, ಕೋಚ್ ಸಾಹೇಬ?”

“ನಮ್ ಫ್ಯಾಕ್ಟರಿ ಶೆಡ್ ಹಿಂದೆ ಆಡ್ತಿದ್ವಲ್ಲ, ಆ ಗಲ್ಲಿ ಆಟಾನೇ ಕಣೋ ಮುತ್ತು. ಬಾಲ್ ಮೋರಿಗೆ ಬಿದ್ರೆ ಒದ್ದೋನು ಔಟ್.”

“ಅಲ್ಲಿ ಮೋರಿ ಎಲ್ಲಿಂದ ಬಂತು?”

“ಸುಣ್ಣದಲ್ಲಿ ಗೆರೆ ಎಳೆದಿದೀನಿ. ಈಗ ಒಬ್ಬನೂ ಬಾಲನ್ನ ಕಾಲಿಂದ ಆಚೆ ಬಿಡಲ್ಲ.”

“ಕ್ಲಬ್‌ನೋರು ನಗಲಿಲ್ವಾ?”

“ಮೊದಲ್ನೇ ವರ್ಷ ನಕ್ರು. ಊರಿಗೆ ಕಳಿಸ್ತೀವಿ ಅಂತಾನೂ ಅಂದ್ರು. ಈ ಸಲ ಕಪ್ ಗೆದ್ವಿ. ಇನ್ನೂ ಮೂರು ವರ್ಷ ಇರು ಅಂತಿದಾರೆ.”

“ಹುಡುಗ್ರು ಆ ಗೆರೇನ ಏನಂತಾರೆ?”

“ಮೋರಿ ಅಂತಾನೇ. ಅವ್ರ ಬಾಯಲ್ಲಿ ಕೇಳ್ಬೇಕು ನೀನು!”

ರೈಲು ಬರುತ್ತಿತ್ತು. ಮುತ್ತುವಿನ ಕಾಲು ಪ್ಲಾಟ್‌ಫಾರ್ಮಿನ ಹಳದಿ ಗೆರೆ ದಾಟಿತ್ತು. ಕೋಚ್ ಅವನ ಕಾಲರ್ ಹಿಡಿದು ಹಿಂದಕ್ಕೆಳೆದ.

“ಮೋರಿ! ಔಟ್ ಕಣೋ ನೀನು.”

ಬಾಗಿಲು ತೆರೆಯಿತು. ಔಟಾದವನೇ ಮೊದಲು ನುಗ್ಗಿ ಇಬ್ಬರಿಗೂ ಸೀಟು ಹಿಡಿದ.