ಆರಡಿ ಕೋಲು, ಹುಗ್ಗಿಯ ಕೊಳಗ

ಊರೊಂದಿತ್ತು, ಊರಿಗೊಬ್ಬ ಶ್ರೀಮಂತನಿದ್ದ, ಶ್ರೀಮಂತನ ಕೈಯಲ್ಲೊಂದು ಬಿದಿರು ಕೋಲಿತ್ತು. ಎಷ್ಟುದ್ದ? ಸರಿಯಾಗಿ ಆರಡಿ. ಯಾಕೆ? ನೋಡಿ, ಅದು ಕೊರೊನಾ ಕಾಲ. ದೂರ ನಿಲ್ಲಿ ಎಂದು ಡಂಗುರ ಸಾರಿದ್ದರು. ನಾನೂ ನಿಂತೆ, ನೀವೂ ನಿಂತಿರಿ. ತಪ್ಪಲ್ಲ.

ರೋಗ ಹೋಯಿತು. ಮಾಸ್ಕು ಸೈಕಲ್ ಒರೆಸುವ ಬಟ್ಟೆಯಾಯಿತು. ಕೋಲು ಹೋಯಿತೇ? ಇಲ್ಲ! ಯಾರು ಎದುರಾದರೂ ಶ್ರೀಮಂತ ಕೋಲು ಚಾಚುತ್ತಿದ್ದ. ಹೆಂಡತಿ ಆರಡಿ ಆಚೆಯಿಂದ ರೊಟ್ಟಿ ಎಸೆಯಬೇಕು. ಒಂದು ತಾಟಿಗೆ ಬಿದ್ದರೆ ಎರಡು ನಾಯಿಗೆ. ನಾಯಿ ದುಂಡಗಾಯಿತು, ಶ್ರೀಮಂತ ಸೊರಗಿದ. ಓಣಿ ಗುಡಿಸುವ ಮುದುಕಿಗಂತೂ ದಿನಾ ಒಂದೇ ಮಾತು: "ಏ ಮುದುಕಿ, ಕೋಲಿನಾಚೆ ನಿಂದ್ರು!"

ಈ ಮಹರಾಯ ಒಂದು ಹರಕೆ ಹೊತ್ತಿದ್ದ. ರೋಗ ತನ್ನನ್ನು ಮುಟ್ಟದಿದ್ದರೆ ಎರಡು ಹಿಡಿಕೆಯ ದೊಡ್ಡ ಕೊಳಗದ ತುಂಬ ಗೋಧಿ ಹುಗ್ಗಿಯನ್ನು ತಾನೇ ತಲೆಯ ಮೇಲೆ ಹೊತ್ತು ಮಠಕ್ಕೆ ಒಪ್ಪಿಸುತ್ತೇನೆ ಎಂದು. ದಾರಿಯಲ್ಲಿ ಹುಗ್ಗಿ ನೆಲಕ್ಕೆ ಚೆಲ್ಲಿದರೆ ಹರಕೆ ಮುರಿದಂತೆ.

ತಲೆಹೊರೆ ಗೊತ್ತಲ್ಲ? ಏರಿಸಲು ಇಬ್ಬರು ಬೇಕು, ಇಳಿಸಲು ಇಬ್ಬರು ಬೇಕು. ಇವನು ಬಲು ಜಾಣ. ಅಡುಗೆಯವರಿಂದ ಕೊಳಗವನ್ನು ಕಟ್ಟೆಯ ಅಂಚಿಗೆ ಇಡಿಸಿದ, ಅವರನ್ನು ದೂರ ಓಡಿಸಿದ, ಕೆಳಗೆ ತಾನೇ ತಲೆ ತೂರಿಸಿ ಎದ್ದ. ಒಂದು ಕೈಯಲ್ಲಿ ಕೊಳಗ, ಒಂದು ಕೈಯಲ್ಲಿ ಕೋಲು. ಹೊರಟಿತು ಮೆರವಣಿಗೆ!

ಮಠದ ಅಂಗಳದಲ್ಲಿ ಕಟ್ಟೆ ಎಲ್ಲಿದೆ? ಜನರಷ್ಟೇ ಇದ್ದಾರೆ. ಹುಗ್ಗಿಯೋ ಕೆಂಡದಂಥ ಬಿಸಿ. ತುಪ್ಪ ಸೋರಿ ಮೀಸೆಗಿಳಿಯಿತು.

"ಇಳಸ್ರೋ! ನೆತ್ತಿ ಸುಡಾಕತ್ತೈತಿ!"

ಜನ ಏನು ಮಾಡಿದರು? ರೂಢಿ ನೋಡಿ, ಕೋಲು ಕಂಡೊಡನೆ ಆರಡಿ ಹಿಂದೆ ಸರಿದರು. ಅವನು ಮುಂದೆ ಬಂದ, ಅವರು ಹಿಂದೆ ಹೋದರು. ಅವನು ಮತ್ತೆ ಮುಂದೆ, ಅವರು ಮತ್ತೆ ಹಿಂದೆ. ಹೀಗೆ ಮಠಕ್ಕೆ ಮೂರು ಪ್ರದಕ್ಷಿಣೆಯಾಯಿತು! ಕುತ್ತಿಗೆ ನಡುಗಿತು, ಕೊಳಗ ವಾಲಿತು.

ಆಗ ಆ ಮುದುಕಿ ಕೇಳಿದಳು: "ಧಣಿ, ಅಳತಿ ಹೇಳ್ರಿ. ಎಷ್ಟ್ ಸಮೀಪ ಬರ್ಲಿ?"

"ಅಳತಿ ಮನೀ ಹಾಳಾಗ್ಲಿ! ಬಾ ಯವ್ವಾ, ಜಲ್ದಿ ಬಾ!"

"ಕೋಲು?"

"ಒಗದೆ ತಗೋ!"

ಕೋಲು ಬಿತ್ತು. ಮುದುಕಿ ಒಂದು ಹಿಡಿಕೆ ಹಿಡಿದಳು, ಹೆಂಡತಿ ಓಡಿ ಬಂದು ಇನ್ನೊಂದು ಹಿಡಿದಳು. ಒಂದು ಅಗುಳೂ ಚೆಲ್ಲದೆ ಹುಗ್ಗಿ ಮಣೆಯ ಮೇಲೆ ಇಳಿಯಿತು.

"ಧಣಿ, ಮೀಸಿಗೆ ತುಪ್ಪ ಹತ್ತೇತ್ರಿ," ಎಂದಳು ಮುದುಕಿ.

"ನೀನ ಒರಸ್ ಯವ್ವಾ," ಎಂದು ಅವನು ಮುಖ ಚಾಚಿದ.

ನಗುತ್ತೀರಾ? ನಗಿ. ನಕ್ಕು ಹಿಂತಿರುಗಿ ನೋಡಿ. ಈ ಮಠದ ಬಾಗಿಲಲ್ಲಿ, ನೀವು ಬಿಟ್ಟ ಚಪ್ಪಲಿಗಳ ಪಕ್ಕ ಕೂತಿದ್ದಾಳಲ್ಲ, ನಿಮ್ಮ ಓಣಿ ಗುಡಿಸುವ ತಾಯಿ, ಅವಳ ಸುತ್ತ ಯಾಕೆ ಅಷ್ಟು ಜಾಗ ಖಾಲಿ? ಯಾವ ರೋಗ ಅವಳಿಗೆ? ಕೊರೊನಾಕ್ಕೆ ಹೆದರಿ ಎರಡು ವರ್ಷ ದೂರ ನಿಂತಿರಿ, ಸರಿ. ಇವಳಿಂದ ನಿಮ್ಮಜ್ಜನ ಕಾಲದಿಂದ ದೂರ ನಿಂತಿದ್ದೀರಲ್ಲ, ಅದನ್ನು ಯಾವ ಡಾಕ್ಟರು ಹೇಳಿದ್ದು? ಹೇಳಿ! ಯಾವ ಡಾಕ್ಟರು?

ಕೆಮ್ಮಿದ್ದರೆ ದೂರ ನಿಲ್ಲಿ, ಬೇಡ ಅನ್ನುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಇವಳು ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯಬೇಡಿ. ನೀವು ಕುಡಿಯುವ ಲೋಟದಲ್ಲೇ ಕೊಡಿ. ಬೆರಳಿಗೆ ಬೆರಳು ತಾಗುವಂತೆ ಕೊಡಿ.

ನಾಳೆಯಾದರೂ ಯಾಕೆ? ಇವತ್ತು ನಮಗೆಲ್ಲ ಬಡಿಸುವ ಹುಗ್ಗಿ ಇನ್ನೂ ಒಲೆಯ ಮೇಲಿದೆ, ಇಳಿಸಬೇಕು. ಕೊಳಗಕ್ಕೆ ಎರಡು ಹಿಡಿಕೆ. ಒಂದನ್ನು ಈ ತಾಯಿ ಹಿಡಿಯುತ್ತಾಳೆ. ಇನ್ನೊಂದಕ್ಕೆ ಈ ಮುಂದಿನ ಸಾಲಿನಿಂದ ಯಾರು ಏಳುತ್ತೀರಿ?

ಏಳುವ ತನಕ ಊಟವಿಲ್ಲ. ನಾನೂ ಹಸಿದಿದ್ದೇನೆ. ಕಾಯುತ್ತೇನೆ.