ಗೆರೆ ಸವೆದ ಹೆಬ್ಬೆರಳು

ಚಾಪೆಯ ಮೇಲೆ ಕೂತ ತಾಯಂದಿರೇ, ಒಂದು ಕತೆ ಕೇಳಿ. ಕಾಗೆಬಂಗಾರದ, ಅಂದರೆ ಅಭ್ರಕದ, ಗುಡ್ಡಗಳಿದ್ದ ಒಂದು ಸೀಮೆಯಲ್ಲಿ ಒಬ್ಬ ಧಣಿ ಇದ್ದ. ಬಲು ಧರ್ಮಿಷ್ಠ. ಇರುವೆ ತುಳಿದರೂ ಕಣ್ಣೀರು ಹಾಕುವವನು. ಅವನ ಗುಡ್ಡದ ಹೊಳೆಯುವ ಕಲ್ಲನ್ನು ಹಾಳೆ ಹಾಳೆಯಾಗಿ ಸುಲಿದು ಪೇಟೆಗೆ ಕಳಿಸಿದರೆ, ನೋಡಿ, ಅದು ಫೋನು, ಟಿವಿಗಳ ಹೊಟ್ಟೆ ಸೇರುತ್ತದೆ. ಅಗೆದು ಸುಲಿಯುವವರು ಯಾರು? ಮಕ್ಕಳು. ಆ ಕಿರಿದಾದ ಬಿಲಗಳೊಳಗೆ ದೊಡ್ಡವರ ಮೈ ತೂರುವುದಿಲ್ಲವಲ್ಲ!

ಧಣಿಗೆ ಒಂದು ದಿನ ಮರುಕ ಹುಟ್ಟಿತು. ಗುಡ್ಡದ ಬುಡದಲ್ಲೇ ಶಾಲೆ ಕಟ್ಟಿಸಿದ. ಕಳ್ಳ ಹಾಜರಿ ಬೀಳಬಾರದೆಂದು ಬಾಗಿಲಲ್ಲಿ ಹೆಬ್ಬೆಟ್ಟಿನ ಯಂತ್ರ ಇರಿಸಿದ. ಬೆರಳು ಒತ್ತಿ ಹಸಿರು ದೀಪ ಬಂದರೆ ಪಾಠ, ಊಟ, ಪುಸ್ತಕ.

ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ನಿಂತವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ನಾಲ್ಕು ವರ್ಷದಿಂದ ಅದೇ ಗುಡ್ಡದಲ್ಲಿ ಕಲ್ಲು ಸುಲಿದವಳು. ತನ್ನ ಹೆಸರು ಬರೆಯಲು ಕಲಿಯಬೇಕು ಅನ್ನುವುದೊಂದೇ ಅವಳ ಆಸೆ. ಬೆರಳು ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು.

“ಕೈ ತೊಳಕೊಂಡು ಬಂದೀಯೇನವ್ವಾ?” ಎಂದ ಧಣಿ, ಅಕ್ಕರೆಯಿಂದ.

“ಮೂರು ಸರ್ತಿ ತೊಳದೀನ್ರೀ ಧಣ್ಯಾರ.”

ಮಾಸ್ತರರು ಅವಳ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. “ಧಣ್ಯಾರ, ಇದರಾಗ ಗೆರೀನ ಇಲ್ಲ! ಗೋಲಿ ಹಂಗ ನುಣ್ಣಗಾಗೇತಿ.”

“ಅಯ್ಯ, ಎಲ್ಲಿ ಹೋದುವು?”

“ನಿಮ್ಮ ಗುಡ್ಡದಾಗ ಅದಾವ್ರೀ,” ಎಂದಳು ಹುಡುಗಿ.

ಧಣಿಯ ಕಣ್ಣು ಒದ್ದೆಯಾಯಿತು. ಮೃದು ಮನಸ್ಸು, ಹೇಳಿದೆನಲ್ಲ. ಯಂತ್ರವನ್ನು ಬದಿಗಿಟ್ಟು ಒಳಗೆ ಕರೆಯಬಹುದಿತ್ತು. ಆದರೆ ದುಬಾರಿ ಯಂತ್ರ, ಅದಕ್ಕೆ ಅವಮಾನ ಆಗಬಾರದಲ್ಲವೇ? ಕೊಬ್ಬರಿ ಎಣ್ಣೆಯ ಸೀಸೆ ತರಿಸಿ ಅವಳ ಕೈಗಿಟ್ಟ.

“ದಿನಾ ಹಚ್ಚಿಕೋ ಮಗಳ. ಗೆರಿ ಮೂಡಿದ ಮ್ಯಾಲೆ ಬಾ. ನಿನ್ನ ಜಾಗಾ ಹಂಗ ಇಟ್ಟಿರತೀನಿ.”

“ಅಲ್ಲೀತನಕ ಏನ್ ಮಾಡ್ಲಿರೀ?”

“ಸುಮ್ಮನ ಯಾಕ ಕುಂದರತಿ? ಗುಡ್ಡಕ್ಕ ಹೋಗು.”

ಹೋದಳು. ಅವಳ ಹಿಂದೆ, ಕೆಂಪು ದೀಪವೇ ಬಂದ ಉಳಿದ ಇಪ್ಪತ್ತೂ ಮಕ್ಕಳು. ಗುಡ್ಡದಲ್ಲಿ ಮಕ್ಕಳು ದುಡಿಯುತ್ತಾರೇನೋ ಎಂದು ತಪಾಸಣೆಗೆ ಬಂದ ಸರ್ಕಾರಿ ಸಾಹೇಬರಿಗೆ ಖಾಲಿ ಶಾಲೆ ತೋರಿಸಿ ಧಣಿ ಹೆಮ್ಮೆಯಿಂದ ಹೇಳಿದ: “ಬೇಕಾದ್ರ ಯಂತ್ರಾನ ಕೇಳ್ರೀ, ಅದರಾಗ ಒಂದು ಮಗುವಿನ ಗುರುತೂ ಇಲ್ಲ. ನಮ್ಮ ಗುಡ್ಡದಾಗ ದುಡಿಯೋ ಮಕ್ಕಳು ಒಂದೂ ಇಲ್ಲ!”

ನಗುತ್ತಿದ್ದೀರಿ. ನಗಿ. ಆದರೆ ಆ ಧಣಿಯ ಕಲ್ಲನ್ನು ಕೊಂಡವರು ಯಾರು, ತಾಯಂದಿರೇ? ಸೊಪ್ಪಿನವಳನ್ನು ‘ಯಾವಾಗ ಕಿತ್ತದ್ದು, ಯಾವ ನೀರಲ್ಲಿ ಬೆಳೆದದ್ದು’ ಎಂದು ಹತ್ತು ಸಲ ಕೇಳುತ್ತೇವೆ. ಫೋನಿನ ಅಂಗಡಿಯಲ್ಲಿ ಕೇಳುವುದು ಒಂದೇ: ‘ಬೇರೆ ಬಣ್ಣ ಇದೆಯಾ?’ ನಾನೂ ಕೇಳಿದ್ದೇನೆ. ನಮ್ಮ ಮಗುವಿಗೆ ಮುಳ್ಳು ಚುಚ್ಚಿದರೆ ಕೈ ಹಿಡಿದು ಊದುತ್ತಾ ಕೂರುವ ನಾವೇ, ನೋಡಿ, ಆ ಕಲ್ಲು ಕೊಂಡವರು.

ನಾಳೆಯಿಂದ ಇಷ್ಟು ಮಾಡಿ. ಕೈಯಲ್ಲಿರುವ ಫೋನು ಕೆಲಸ ಮಾಡುವಷ್ಟು ದಿನ ಹೊಸದರ ಅಂಗಡಿ ಹತ್ತಬೇಡಿ. ಗಾಜು ಒಡೆದರೆ ರಿಪೇರಿ ಮಾಡಿಸಿ. ಕೊಳ್ಳಲೇಬೇಕಾದ ದಿನ, ಬಣ್ಣ ಆರಿಸುವ ಮೊದಲು, ‘ಇದರ ಕಲ್ಲು ಅಗೆದವರು ಯಾರಪ್ಪ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿ. ಒಬ್ಬರು ಕೇಳಿದರೆ ಅಂಗಡಿಯವನು ನಗುತ್ತಾನೆ. ಈ ಚಾಪೆಯ ಮೇಲೆ ಕೂತಿರುವ ಅಷ್ಟೂ ಜನ ಕೇಳಿ, ಉತ್ತರ ಸಿಗದೆ ಬರಿಗೈಯಲ್ಲಿ ಎದ್ದು ಬಂದರೆ, ಅವನೂ ತನ್ನ ಮೇಲಿನವರನ್ನು ಕೇಳಲೇಬೇಕಾಗುತ್ತದೆ.