ಅರ್ಧ ನಕ್ಷತ್ರದ ದೈತ್ಯ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ, ವಿಡಿಯೋ ಗೇಮ್ ಮಾಡೋ ಕಂಪನಿನೇ. ದೂರಿದ್ರೆ ಹೇಳಿ, ಬರ್ಕೋತೀನಿ...

ಹೆಸರು ಹೇಳೋಕೆ ಇಷ್ಟ ಇಲ್ವಾ? ಬೇಡ ಬಿಡಿ, ಗಂಟಲು ಸರಿಮಾಡ್ಕೊಂಡಾಗಲೇ ಗೊತ್ತಾಯ್ತು. ಏನಣ್ಣಾ, ಒಡಹುಟ್ಟಿದ ತಂಗಿ ಹತ್ರ ಮಾತಾಡೋಕೆ ಆಫೀಸ್ ನಂಬರೇ ಬೇಕಾಯ್ತಾ?...

ಹಾಂ, ನಮ್ಮ ಹೊಸ ಆಟದಲ್ಲಿರೋ ಆ ದೈತ್ಯನ್ನ ಬಿಡಿಸಿದ್ದು ನಾನೇ. ಯಾಕೆ, ಚೆನ್ನಾಗಿಲ್ವಾ?...

ನೀನೇ ಅಂತ ಎಲ್ಲಿ ಬರ್ದಿದೀನಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಹಣೆ ಮೇಲೆ ಕನ್ನಡಕ ಏರಿಸ್ಕೊಂಡು ಓಡಾಡೋ ಸಿನಿಮಾ ವಿಮರ್ಶಕ ನೀನೊಬ್ನೇನಾ?...

'ಒಟ್ಟಾರೆ ಹೇಳುವುದಾದರೆ' ಅನ್ನೋದು ನಿನ್ನ ಮಾತಾ? ಅಪ್ಪನ ಆಸ್ತಿ ಅಂತಾನೇ ಇಟ್ಕೋ, ನನಗೂ ಅದ್ರಲ್ಲಿ ಪಾಲಿದೆ. ದೈತ್ಯ ಹಾಗಂದು ಅರ್ಧ ನಕ್ಷತ್ರ ಉಗೀತಾನೆ, ಆಡೋರು ಸಾಯ್ತಾರೆ. ಅಷ್ಟೇ ಆಟ...

ಏನು, ನಿನ್ನೆ ಸಿನಿಮಾ ನೋಡೋಕೆ ಹೋದಾಗ ಮಿಕ್ಕ ಪತ್ರಿಕೆಯವರೆಲ್ಲ ನಿನ್ನ ನೋಡಿ 'ಒಟ್ಟಾರೆ ಬಂದ' ಅಂದ್ರಾ?... ಇಲ್ಲಪ್ಪ, ನಗ್ತಿಲ್ಲ... ಹೂಂ, ನಗ್ತಿದೀನಿ. ಏನಿವಾಗ?

ಸೇಡಲ್ದೆ ಮತ್ತೇನು? ಸೇಡೇ. ಹೊಟ್ಟೆ ತಣ್ಣಗಾಯ್ತು. ನಾನು ನಿರ್ದೇಶನ ಮಾಡಿದ್ದ ಸೂಪರ್‌ಹೀರೋ ಸಿನಿಮಾಗೆ ನೀನೇನು ಬರ್ದೆ? 'ಪ್ಯಾಂಟಿನ ಮೇಲೆ ಚಡ್ಡಿ ಹಾಕೋರ ಕತೆ, ಬುದ್ಧಿ ಬಲಿಯದವರಿಗೆ.' ಅರ್ಧ ನಕ್ಷತ್ರ. ಸೋಮವಾರ ಥಿಯೇಟರಿಂದ ಎತ್ತಿಬಿಟ್ರು. ಆಮೇಲೆ ಒಬ್ಬ ನಿರ್ಮಾಪಕನೂ ನನ್ನ ಕಡೆ ತಲೆ ಹಾಕಲಿಲ್ಲ...

ಅಭಿಪ್ರಾಯನಾ? ಅಭಿಪ್ರಾಯ ಹೇಳೋನು ಪೂರ್ತಿ ನೋಡ್ಬೇಕು. ನೀನು ಇಂಟರ್ವಲ್‌ನಲ್ಲಿ ಪುಕ್ಕಟೆ ಪಾಪ್‌ಕಾರ್ನ್ ತಗೊಂಡು ಸೀದಾ ಕಾರ್ ಹತ್ತಿದೆ. ಹಿಂದಿನ ಸಾಲಲ್ಲೇ ಇದ್ದೆ ನಾನು, ಬಾಗಿಲವರೆಗೂ ಬಂದು ನೋಡ್ದೆ, ಅಣ್ಣಾ...

ಬೇರೆ ಯಾರು ಬೈದಿದ್ರೂ ಉಂಡು ಮಲಗ್ತಿದ್ದೆ. ಕಂಬಳಿಯೊಳಗೆ ಟಾರ್ಚ್ ಹಿಡ್ಕೊಂಡು ದೆವ್ವದ ಕಾದಂಬರಿ ಓದಿ ಹೇಳ್ತಿದ್ದೋನು ಯಾರು? ನನಗೆ ಇಂಥ ಕತೆಗಳ ಹುಚ್ಚು ಹಿಡಿಸಿದ್ದೇ ನೀನು. ಪತ್ರಿಕೆಯಲ್ಲಿ ದೊಡ್ಡ ಮನುಷ್ಯ ಅನ್ನಿಸ್ಕೊಳ್ಳೋಕೆ ಅದನ್ನೇ ಕಸ ಅಂದೆ, ಅಲ್ವಾ?...

ಆಟದಿಂದ ಅವನನ್ನ ತೆಗೆಯಲ್ಲ... ತೆಗೆಯಲ್ಲ ಅಂದೆನಲ್ಲ. ಮಾಡಿದ್ದುಣ್ಣೋ ಮಾರಾಯ. ಬೇಕಾದ್ರೆ ಒಂದು ಕೆಲಸ ಮಾಡು. ನಿನ್ನ ಅಂಕಣದಲ್ಲೇ ಬರಿ, ಅರ್ಧ ನೋಡಿ ಪೂರ್ತಿ ಬೈದೆ ಅಂತ...

ಕೆಲಸ ಹೋಗತ್ತಾ? ನನ್ನದು ಹೋಗಲಿಲ್ವಾ?...

ಏನಂದೆ?... ಮಿಕ್ಕ ಅರ್ಧದಲ್ಲಿ ಏನಿತ್ತು ಅಂತ ಈಗ ಕೇಳ್ತಿದೀಯಾ?...

ಕೇಳು ಹಾಗಾದ್ರೆ. ಆ ಹುಡುಗಿಗೆ ಹಾರೋಕೆ ಬರಲ್ಲ, ಎಲ್ರೂ ಆಡ್ಕೊಂಡು ನಗ್ತಾರೆ. ಅಲ್ಲಿವರೆಗೆ ನೀನು ನೋಡಿದೀಯ. ಆಮೇಲೆ ಅವಳಣ್ಣ ಬರ್ತಾನೆ. ಬೆನ್ನ ಮೇಲೆ ಕೂರಿಸ್ಕೊಂಡು ಮಹಡಿ ಹತ್ತಿಸ್ತಾನೆ, ಹಾರು, ಬಿದ್ರೆ ಹಿಡ್ಕೊಳ್ಳೋಕೆ ನಾನಿದೀನಿ ಅಂತಾನೆ. ಅವನಿಂದಲೇ ಅವಳು ಹಾರೋದು. ಅವನಿಗೆ ನಿನ್ನ ಹೆಸರೇ ಇಟ್ಟಿದ್ದೆ...

ಮೂಗೆಳ್ಕೋತಿದೀಯಲ್ಲ... ಅಳ್ತಿದೀಯಾ ಅಣ್ಣಾ?...

ಅಳು. ನಾನೂ ಅತ್ತಿದ್ದೆ. ಆ ದೈತ್ಯನ್ನ ಮಾತ್ರ ತೆಗೆಯಲ್ಲ, ಕೇಳಿಸ್ತಾ? ಅವನು ಅಲ್ಲೇ ಇರ್ತಾನೆ. ಊರ ಮಕ್ಕಳೆಲ್ಲ ದಿನಾ ಅವನಿಗೆ ಹೊಡೀ... ಹೊಡೀಲಿ... ಇರಣ್ಣಾ, ಕಣ್ಣೊರೆಸ್ಕೋತೀನಿ.